ಮಲಗಿಯೇ ಇರಬೇಕಾದವರನ್ನು ಡೊಂಬಿವಲಿಯಿಂದ ಪರೇಲ್‌ಗೆ ಕರೆದೊಯ್ಯುವ ಬಗೆ

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೇವೆ. 74 ವರ್ಷದ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದಾರೆ. ಮುಂಬಯಿಯ ಪರೇಲ್‌ನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ಆಪರೇಶನ್ ಮಾಡಿಲ್ಲ, ಬೆಲ್ಟ್ ಕೊಟ್ಟು, ಸದ್ಯಕ್ಕೆ ಕುಳಿತುಕೊಳ್ಳಬಾರದು ಎಂದಿದ್ದಾರೆ. ಮೂತ್ರಕ್ಕೆ ಕ್ಯಾಥೆಟರ್ ಇದೆ. ಜುಲೈ ಎರಡನೆಯ ವಾರ ಎಕ್ಸ್‌ರೇ ಮತ್ತು ತಪಾಸಣೆಗೆ ಕರೆತರಲು ಹೇಳಿದ್ದಾರೆ. 108ಕ್ಕೆ ಫೋನ್ ಮಾಡಿದರೆ ಬರುತ್ತಾರೆಯೇ? ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದರೆ ಸಾಕು ಎಂದು ನೆರೆಯವರು ಹೇಳುತ್ತಾರೆ. ಮೆಟ್ಟಿಲು ಇಳಿಸುವುದು ಹೇಗೆ, ಯಾವ ಗಾಡಿ ಹೇಳಬೇಕು? ಅತ್ತೆಗೆ ಆಮೇಲೆ ಕುಮಟಾ ಹತ್ತಿರದ ಊರಿಗೆ ಹೋಗುವ ಆಸೆಯೂ ಇದೆ.

ಉತ್ತರ: ಕಾರಿನ ವಿಚಾರವನ್ನು ಮೊದಲೇ ಮುಗಿಸಿಬಿಡೋಣ, ಏಕೆಂದರೆ ಇಂಥ ಸಲಹೆ ಕೊಡುವ ನೆರೆಯವರು ಪ್ರತಿ ಕಟ್ಟಡದಲ್ಲೂ ಇರುತ್ತಾರೆ. ಸಾಮಾನ್ಯ ಕಾರಿನ ಹಿಂದಿನ ಸೀಟು ವಯಸ್ಕರೊಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದವಿರುವುದಿಲ್ಲ. ಮಲಗಿಸಬೇಕಾದರೆ ಮೊಣಕಾಲು ಮಡಚಬೇಕು, ಸೊಂಟ ಓರೆಯಾಗಬೇಕು. ಬಾಗಿಲಿನಿಂದ ಒಳಕ್ಕೆ ಸರಿಸುವಾಗಲಂತೂ ಬೆನ್ನು ಬಾಗದೆ ಕೆಲಸವೇ ಆಗುವುದಿಲ್ಲ. ಬಾಗುವುದು, ತಿರುಚುವುದು ಎಂಬ ಎರಡು ಚಲನೆಗಳನ್ನು ತಡೆಯಲೆಂದೇ ವೈದ್ಯರು ಬೆಲ್ಟ್ ಕೊಟ್ಟಿದ್ದಾರೆ, ಆ ಎರಡೂ ಕಾರಿನಲ್ಲಿ ಒಟ್ಟಿಗೇ ನಡೆಯುತ್ತವೆ. ಆದ್ದರಿಂದ ಕಾರು ಬೇಡ.

108 ಸೇವೆ ಮಹಾರಾಷ್ಟ್ರದಲ್ಲಿ 2014ರಿಂದ ನಡೆಯುತ್ತಿದೆ, ಉಚಿತವೂ ಹೌದು. ಆದರೆ ಅದು ತುರ್ತು ಸೇವೆ. ಮುಂಚಿತವಾಗಿ ಗೊತ್ತಾಗಿರುವ ತಪಾಸಣೆಗೆ ಅದನ್ನು ಕೇಳುವುದು ಸಲ್ಲದು. ಹಾಗೆಂದು ಆ ಸಂಖ್ಯೆಯನ್ನು ಗೋಡೆಯಿಂದ ತೆಗೆಯಬೇಡಿ. ಅತ್ತೆಯವರ ಕಾಲುಗಳಲ್ಲಿ ಹೊಸದಾಗಿ ಬಲ ಕುಂದಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಮಲದ ಮೇಲಿನ ಹಿಡಿತ ತಪ್ಪಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ, ಅವರು ಮಂಪರಿನಲ್ಲಿದ್ದು ಮಾತಿಗೆ ಸರಿಯಾಗಿ ಸ್ಪಂದಿಸದಿದ್ದರೆ, ಜುಲೈ ತಿಂಗಳವರೆಗೆ ಕಾಯದೆ ಅದೇ ಕ್ಷಣ 108ಕ್ಕೆ ಕರೆ ಮಾಡಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಅಂದೇ ವೈದ್ಯರಿಗೆ ತಿಳಿಸಿ. ಬಹಳ ದಿನ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ.

ಗಾಡಿ ಹುಡುಕುವುದಕ್ಕೆ ಮುಂಚೆ ವೈದ್ಯರ ಘಟಕಕ್ಕೆ ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ಅತ್ತೆಯವರು ಖುದ್ದಾಗಿ ಬರಲೇಬೇಕೇ ಎಂಬುದು. ಮುಂಬಯಿ, ಠಾಣೆ ಭಾಗಗಳಲ್ಲಿ ಮನೆಗೇ ಯಂತ್ರ ತಂದು ಎಕ್ಸ್‌ರೇ ತೆಗೆಯುವವರಿದ್ದಾರೆ. ವೈದ್ಯರು ವಿಡಿಯೋ ಮೂಲಕ ರೋಗಿಯನ್ನು ನೋಡುವುದಕ್ಕೆ 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಮಗ ಎಕ್ಸ್‌ರೇ ಪ್ರತಿ ಹಿಡಿದು ಪರೇಲ್‌ಗೆ ಹೋಗಿ, ಅಲ್ಲಿಂದ ಮನೆಗೆ ವಿಡಿಯೋ ಕರೆ ಮಾಡಿ ವೈದ್ಯರಿಗೆ ತೋರಿಸಿದರೆ ಸಾಕು ಎಂದು ಅವರು ಒಪ್ಪುವುದುಂಟು. ಕಾಲುಗಳ ಬಲವನ್ನು, ಸ್ಪರ್ಶವನ್ನು ಕೈಯಿಂದ ಮುಟ್ಟಿಯೇ ಪರೀಕ್ಷಿಸಬೇಕೆಂದು ಅವರು ಹೇಳಿದರೆ ಹೋಗಲೇಬೇಕು. ಆದರೆ ಕೇಳದೆ ಹೊರಡುವ ಕುಟುಂಬಗಳೇ ಹೆಚ್ಚು. ಠಾಣೆ, ಕಲ್ಯಾಣ ಭಾಗದ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವ ನನಗೆ, ಹೊಲಿಗೆ ತೆಗೆಸುವುದಕ್ಕೆಂದು ಅಥವಾ ಕ್ಯಾಥೆಟರ್ ಬದಲಿಸುವುದಕ್ಕೆಂದು ರೋಗಿಯನ್ನು ನಲವತ್ತು ಕಿಲೋಮೀಟರ್ ಒಯ್ದ ಮನೆಗಳು ಆಗಾಗ ಸಿಗುತ್ತವೆ. ಆ ಕೆಲಸಗಳನ್ನು ವೈದ್ಯರ ಒಪ್ಪಿಗೆ ಪಡೆದು ನರ್ಸ್ ಮನೆಗೆ ಬಂದು ಮಾಡಬಹುದು.

ಎರಡನೆಯ ಪ್ರಶ್ನೆ, ತಲೆಯ ಭಾಗವನ್ನು ಎಷ್ಟು ಡಿಗ್ರಿಯವರೆಗೆ ಎತ್ತಬಹುದು ಎಂಬುದು. ಇದನ್ನು ಕೇಳಿ, ಉತ್ತರವನ್ನು ಡಿಸ್‌ಚಾರ್ಜ್ ಕಾಗದದ ಮೇಲೆ ಬರೆಸಿಕೊಳ್ಳಿ. ಏಕೆಂದರೆ ‘ಕುಳಿತುಕೊಳ್ಳಲಾಗದು’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ ಮತ್ತು ಒಂದೊಂದು ಕಾರಣಕ್ಕೂ ಒಯ್ಯುವ ಕ್ರಮ ಬೇರೆ. ಪಾರ್ಶ್ವವಾಯುವಾದವರಿಗೆ ಮುಂಡದ ಹಿಡಿತವಿಲ್ಲದೆ ಕೂರಲಾಗುವುದಿಲ್ಲ, ಆದರೆ ಅವರ ತಲೆಯ ಭಾಗವನ್ನು ಎತ್ತಿಯೇ ಒಯ್ಯಬೇಕು. ಚಪ್ಪಟೆಯಾಗಿ ಮಲಗಿಸಿದರೆ ಜೊಲ್ಲು, ವಾಂತಿ ಶ್ವಾಸನಾಳಕ್ಕೆ ಇಳಿಯುವ ಭಯ. ಹೃದಯ ದುರ್ಬಲವಾಗಿರುವವರಿಗೂ ಚಪ್ಪಟೆಯಾಗಿ ಮಲಗಿದರೆ ಏದುಸಿರು ಬರುತ್ತದೆ. ಬೆನ್ನ ಕೆಳಗೆ ದೊಡ್ಡ ಹಾಸಿಗೆ ಹುಣ್ಣು ಇರುವವರನ್ನು ಮಗ್ಗುಲಿಗೆ ಮಲಗಿಸಬೇಕಾಗುತ್ತದೆ. ನಿಮ್ಮ ಅತ್ತೆಯವರಂತೆ ಬೆನ್ನುಮೂಳೆ ಮುರಿದವರಲ್ಲಿ ಕೆಲವರಿಗೆ 30 ಡಿಗ್ರಿಯವರೆಗೆ ಎತ್ತಲು ಅನುಮತಿ ಇರುತ್ತದೆ, ಕೆಲವರಿಗೆ ಪೂರ್ತಿ ಚಪ್ಪಟೆಯೇ ಗತಿ. ಗಾಡಿ, ಸ್ಟ್ರೆಚರ್, ಇಳಿಸುವ ಜನ, ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿವೆ. ಇದೇ ಸಂದರ್ಭದಲ್ಲಿ ನೋವಿನ ಮಾತ್ರೆಯನ್ನು ಹೊರಡುವುದಕ್ಕೆ ಎಷ್ಟು ಮುಂಚೆ ಕೊಡಬೇಕು, ಬೆಲ್ಟನ್ನು ಯಾವಾಗ ಹಾಕಬೇಕು ಎಂಬುದನ್ನೂ ಕೇಳಿ. ಸಾಮಾನ್ಯವಾಗಿ ಬೆಲ್ಟನ್ನು ಹಾಸಿಗೆಯಲ್ಲಿ ಮಲಗಿರುವಾಗಲೇ ಕಟ್ಟಿ, ಅನಂತರವೇ ಅಲುಗಿಸುತ್ತಾರೆ.

ಇನ್ನು ಗಾಡಿ. ನಮ್ಮ ದೇಶದ ಆ್ಯಂಬುಲೆನ್ಸ್‌ಗಳಿಗೆ ಎಐಎಸ್-125 ಎಂಬ ಮಾನದಂಡವಿದ್ದು, ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಗಳಿವೆ. ಬಿ ಎಂದರೆ ಸ್ಥಿರವಾಗಿರುವ ರೋಗಿಯನ್ನು ಒಯ್ಯುವ ವಾಹನ. ಸಿ ಮತ್ತು ಡಿ ಎಂದರೆ ಜೀವರಕ್ಷಕ ಉಪಕರಣಗಳಿರುವಂಥವು. ಆದರೆ ಫೋನಿನಲ್ಲಿ ಯಾರೂ ಈ ಅಕ್ಷರಗಳನ್ನು ಬಳಸುವುದಿಲ್ಲ. ಮುಂಬಯಿಯಲ್ಲಿ ‘ಸಾದಾ’, ‘ಆಕ್ಸಿಜನ್’, ‘ಕಾರ್ಡಿಯಾಕ್’ ಎಂದೇ ಮಾತು ನಡೆಯುವುದು. ಉಸಿರಾಟ ಮತ್ತು ರಕ್ತದೊತ್ತಡ ಸರಿಯಾಗಿದ್ದರೆ ನಿಮಗೆ ಬೇಕಿರುವುದು ಸಾದಾ ಆ್ಯಂಬುಲೆನ್ಸ್. ವಯಸ್ಸು ಕೇಳಿದ ಕೂಡಲೇ ‘ರಿಸ್ಕ್ ಬೇಡ, ಕಾರ್ಡಿಯಾಕ್ ತೆಗೆದುಕೊಳ್ಳಿ’ ಎಂದು ಹೇಳುವವರಿದ್ದಾರೆ. ವೈದ್ಯರು ಹೇಳದ ಹೊರತು ಆ ಖರ್ಚು ಅನಗತ್ಯ. ಮನೆಯಲ್ಲಿ ಆಮ್ಲಜನಕ ಬಳಸುವವರ ಲೆಕ್ಕ ಮಾತ್ರ ಬೇರೆ: ಬಿ-ಟೈಪ್ ಎಂಬ ಅಳತೆಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಅನಿಲವಿದ್ದು, ನಿಮಿಷಕ್ಕೆ 4 ಲೀಟರಿನಂತೆ ಅದು ಸುಮಾರು ಆರು ಗಂಟೆಗಳಲ್ಲಿ ಮುಗಿಯುತ್ತದೆ. ಹೋಗುವುದು, ಬರುವುದು, ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕಾಯುವುದು ಎಲ್ಲ ಸೇರಿದರೆ ಒಂದು ಸಿಲಿಂಡರ್ ಸಾಲದು.

ಸಾದಾ ಎಂದಾಗ ಓಮ್ನಿ ಅಥವಾ ಈಕೋದಂಥ ಚಿಕ್ಕ ವ್ಯಾನ್ ಬರಬಹುದು, ಟ್ರಾವೆಲರ್ ಅಥವಾ ವಿಂಗರ್‌ನಂಥ ದೊಡ್ಡ ವ್ಯಾನ್ ಕೂಡ ಬರಬಹುದು. ಬೆನ್ನುಮೂಳೆಯ ರೋಗಿಗೆ ನಾನು ಸದಾ ದೊಡ್ಡ ಗಾಡಿಯನ್ನೇ ಸೂಚಿಸುತ್ತೇನೆ. ಚಿಕ್ಕ ಗಾಡಿಯಲ್ಲಿ ಸ್ಟ್ರೆಚರ್ ಹಿಂದಿನ ಚಕ್ರಗಳ ಮೇಲೇ ಬರುವುದರಿಂದ ಪ್ರತಿ ಗುಂಡಿಯ ಏಟೂ ನೇರವಾಗಿ ಬೆನ್ನಿಗೆ ತಾಕುತ್ತದೆ. ಛಾವಣಿ ತಗ್ಗಾಗಿರುವುದರಿಂದ ಜೊತೆಯಲ್ಲಿರುವವರು ಬಗ್ಗಿಕೊಂಡೇ ಇರಬೇಕು, ವಾಂತಿಯಾದರೆ ರೋಗಿಯನ್ನು ಮಗ್ಗುಲಿಗೆ ತಿರುಗಿಸಲು ಕೈಯಾಡಿಸುವ ಜಾಗವಿರುವುದಿಲ್ಲ. ನಿಮ್ಮ ಓಣಿಗೆ ದೊಡ್ಡ ಗಾಡಿ ಬರುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಡೊಂಬಿವಲಿ ಪೂರ್ವದ ಎಷ್ಟೋ ಓಣಿಗಳಲ್ಲಿ ಎರಡೂ ಕಡೆ ಬೈಕುಗಳು ನಿಂತಿರುವುದರಿಂದ ಟ್ರಾವೆಲರ್ ಗೇಟಿನವರೆಗೆ ಬರಲಾಗದೆ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ಹಿಂದಿನ ರಾತ್ರಿಯೇ ಸೊಸೈಟಿಯ ಸೆಕ್ರೆಟರಿಗೂ ವಾಚ್‌ಮನ್‌ಗೂ ಹೇಳಿ, ಗೇಟಿನ ಮುಂದೆ ಮತ್ತು ಮೆಟ್ಟಿಲ ಬುಡದಲ್ಲಿ ಜಾಗ ಬಿಡಿಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಮೂರು ಮಹಡಿಗಳ ಮೆಟ್ಟಿಲನ್ನು. ಪರೇಲ್‌ವರೆಗಿನ ರಸ್ತೆಯಲ್ಲಿ ಅತ್ತೆಯವರು ಸುಮ್ಮನೆ ಮಲಗಿರುತ್ತಾರೆ. ಪೆಟ್ಟಾಗುವುದಿದ್ದರೆ ಹಾಸಿಗೆಯಿಂದ ಗಾಡಿಯವರೆಗೆ ಮತ್ತು ಗಾಡಿಯಿಂದ ಎಕ್ಸ್‌ರೇ ಮೇಜಿನವರೆಗೆ ಆಗುತ್ತದೆ. ಆ್ಯಂಬುಲೆನ್ಸ್ ಎಂದರೆ ಇಳಿಸುವ ಜನರೂ ಬರುತ್ತಾರೆ ಎಂದುಕೊಳ್ಳಬೇಡಿ. ಅನೇಕ ವೇಳೆ ಡ್ರೈವರ್ ಒಬ್ಬನೇ ಬರುತ್ತಾನೆ. ಆದ್ದರಿಂದ ಫೋನಿನಲ್ಲೇ ಹೀಗೆ ಹೇಳಿ: ರೋಗಿಗೆ ಬೆನ್ನುಮೂಳೆ ಮುರಿದಿದೆ, ಕೂರಿಸುವಂತಿಲ್ಲ, ತೂಕ ಇಷ್ಟು, ಮೂರನೆಯ ಮಹಡಿ, ಲಿಫ್ಟ್ ಇಲ್ಲ, ನಾಲ್ಕು ಜನ ಹೆಲ್ಪರ್ ಬೇಕು, ಸ್ಕೂಪ್ ಸ್ಟ್ರೆಚರ್ ಬೇಕು. ಅಷ್ಟಾದ ಮೇಲೆ ನಿಮ್ಮ ಮೆಟ್ಟಿಲಿನ, ಅದರಲ್ಲೂ ತಿರುವಿನ ಲ್ಯಾಂಡಿಂಗಿನ ಒಂದು ವಿಡಿಯೋ ತೆಗೆದು ಅವರಿಗೆ ಕಳಿಸಿ. ವಿಡಿಯೋ ನೋಡಿಯೂ ‘ವೀಲ್‌ಚೇರಿನಲ್ಲಿ ಇಳಿಸುತ್ತೇವೆ’ ಅಥವಾ ‘ಚಾದರದಲ್ಲಿ ಎತ್ತಿಕೊಂಡು ಬರುತ್ತೇವೆ’ ಎಂದು ಹೇಳುವವರನ್ನು ಬಿಟ್ಟು ಬೇರೆಯವರನ್ನು ಹುಡುಕಿ. (ಲಿಫ್ಟ್ ಇದ್ದವರೂ ನಿಶ್ಚಿಂತರಲ್ಲ. ಆರು ಜನರ, 408 ಕಿಲೋ ಎಂದು ಬರೆದಿರುವ ಸಾಮಾನ್ಯ ಲಿಫ್ಟಿನ ಒಳಗೆ ಆರು ಅಡಿಯ ಸ್ಟ್ರೆಚರ್ ಮಲಗುವುದಿಲ್ಲ, ಮತ್ತು ಅದನ್ನು ನಿಲ್ಲಿಸಿ ಒಯ್ಯುವುದು ಇಂಥ ರೋಗಿಗೆ ಸಲ್ಲದು.)

ಸ್ಕೂಪ್ ಸ್ಟ್ರೆಚರ್ ಎಂದರೆ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಲೋಹದ ಅಥವಾ ಪ್ಲಾಸ್ಟಿಕ್ಕಿನ ಸ್ಟ್ರೆಚರ್. ರೋಗಿಯ ಎತ್ತರಕ್ಕೆ ತಕ್ಕಂತೆ ಅದರ ಉದ್ದ ಹೊಂದಿಸಿ, ರೋಗಿಯನ್ನು ಒಂದಿಷ್ಟೇ ಮಗ್ಗುಲಿಗೆ ಹೊರಳಿಸಿ ಒಂದೊಂದೇ ಹೋಳನ್ನು ಕೆಳಗೆ ತೂರಿಸಿ, ತಲೆಯ ಬಳಿ ಮತ್ತು ಕಾಲಿನ ಬಳಿ ಕೊಂಡಿ ಹಾಕುತ್ತಾರೆ. ಆ ಹೊರಳಿಸುವಿಕೆಯಲ್ಲಿ ತಲೆ, ಭುಜ, ಸೊಂಟ, ಕಾಲು ಒಂದೇ ತುಂಡಿನಂತೆ ಒಟ್ಟಿಗೆ ತಿರುಗಬೇಕು. ತಲೆಯ ಬಳಿ ನಿಂತವನು ಎಣಿಸುತ್ತಾನೆ, ಉಳಿದವರು ಅವನ ಮಾತಿಗೆ ಕಾಯುತ್ತಾರೆ. ಬಟ್ಟೆಯ ಸ್ಟ್ರೆಚರ್ ಕಿರಿದಾದ ಮೆಟ್ಟಿಲಿಗೆ ಸುಲಭವಾದರೂ ನಡುವೆ ಜೋಲುವುದರಿಂದ ಬೆನ್ನುಮೂಳೆಗೆ ಒಗ್ಗದು. ಗಾಡಿಯೊಳಗಿನ ಹಾಸಿಗೆಗೆ ಬಂದ ಮೇಲೆ ಸ್ಕೂಪ್ ಹೋಳುಗಳನ್ನು ಬಿಚ್ಚಿ ತೆಗೆಯಬೇಕು. ‘ಇರಲಿ ಬಿಡಿ, ಅಲ್ಲಿ ಮತ್ತೆ ಬೇಕಾಗುತ್ತದೆ’ ಎಂದು ಕೆಲವರು ಹಾಗೆಯೇ ಬಿಡುತ್ತಾರೆ; ಗಟ್ಟಿ ಹಲಗೆಯ ಮೇಲೆ ಎರಡು ಮೂರು ಗಂಟೆ ಮಲಗಿದರೆ ತ್ರಿಕಾಸ್ಥಿಯ (ಬೆನ್ನಿನ ತಳದ ಮೂಳೆಯ) ಮೇಲೆ, ಹಿಮ್ಮಡಿಯ ಮೇಲೆ ಹುಣ್ಣು ಶುರುವಾಗುವುದಕ್ಕೆ ಅಷ್ಟೇ ಸಾಕು.

ಇಳಿಯುವಾಗ ಕಾಲು ಮುಂದೆ, ತಲೆ ಮೇಲಿನ ಕಡೆ. ಹಿಂದಿರುಗಿ ಹತ್ತುವಾಗ ತಲೆ ಮುಂದೆ. ಎರಡರಲ್ಲೂ ತಲೆ ಎತ್ತರದಲ್ಲೇ ಇರುತ್ತದೆ. ಎದೆ, ಸೊಂಟ, ಮೊಣಕಾಲಿನ ಮೇಲ್ಭಾಗ, ಈ ಮೂರು ಕಡೆ ಪಟ್ಟಿ ಬಿಗಿಯಬೇಕು. ಕೆಳಕ್ಕೆ ಜಾರದಂತೆ ಪಾದಗಳಿಗೂ ಆಸರೆ ಬೇಕು. ಕೈಗಳು ಪಟ್ಟಿಯ ಒಳಗಿರಲಿ, ಏಕೆಂದರೆ ಭಯವಾದಾಗ ರೋಗಿ ಮೊದಲು ಮಾಡುವ ಕೆಲಸವೆಂದರೆ ಕೈ ಚಾಚಿ ಕಟಕಟೆ ಹಿಡಿಯುವುದು, ಆಗ ಹೊತ್ತವರೆಲ್ಲ ತತ್ತರಿಸುತ್ತಾರೆ. ಕೆಳಗಿನವರು ಸ್ಟ್ರೆಚರನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ, ಮೇಲಿನವರು ಮೊಣಕಾಲ ಮಟ್ಟಕ್ಕೆ ತಗ್ಗಿಸುತ್ತಾರೆ. ಹೀಗಾದರೆ ಮಾತ್ರ ಇಳಿಜಾರಿನಲ್ಲೂ ಅದು ಸಮತಟ್ಟಿಗೆ ಹತ್ತಿರವಾಗಿರುತ್ತದೆ. ಲ್ಯಾಂಡಿಂಗಿನಲ್ಲಿ ಆರು ಅಡಿಯ ಸ್ಟ್ರೆಚರ್ ನೆಲದ ಮಟ್ಟದಲ್ಲಿ ತಿರುಗಲಾರದು. ಅಲ್ಲಿ ಪಳಗಿದ ಹೆಲ್ಪರ್‌ಗಳು ಒಂದು ಕ್ಷಣ ನಿಂತು, ಕೈ ಬದಲಿಸಿಕೊಂಡು, ಕಾಲಿನ ತುದಿಯನ್ನು ಕಟಕಟೆಗಿಂತ ಮೇಲೆತ್ತಿ, ಅದರ ಮೇಲಿಂದಲೇ ಮುಂದಿನ ಸಾಲಿನ ಮೆಟ್ಟಿಲ ಕಡೆಗೆ ತಿರುಗಿಸುತ್ತಾರೆ. ತಲೆಯ ಕಡೆಯವರೂ ಅಷ್ಟೇ ಎತ್ತರಕ್ಕೆ ಎತ್ತಿದರೆ ರೋಗಿ ಸಮನಾಗಿ ಉಳಿಯುತ್ತಾರೆ, ಎತ್ತದಿದ್ದರೆ ತಲೆ ಕೆಳಗಾಗುತ್ತದೆ. ಹೆಲ್ಪರ್‌ಗಳಿಗೆ ಈ ತಿರುವಿನ ಅಭ್ಯಾಸವಿದೆಯೇ ಎಂದು ತಿಳಿಯಲು ಮೊದಲು ಖಾಲಿ ಸ್ಟ್ರೆಚರನ್ನು ಒಮ್ಮೆ ಇಳಿಸಿ ತೋರಿಸಲು ಹೇಳಿ. ಒಳ್ಳೆಯ ತಂಡದವರು ಇದಕ್ಕೆ ಬೇಸರಿಸುವುದಿಲ್ಲ.

ಸ್ಟ್ರೆಚರ್ ಹಿಡಿಯಲು ಮಗ ತಾನೇ ಮುಂದಾಗುವುದು ನಮ್ಮ ಮನೆಗಳಲ್ಲಿ ಸಹಜ. ಬೇಡ ಎಂದು ನಾನು ಹೇಳುತ್ತೇನೆ. ತಾಯಿ ನರಳಿದ ಕೂಡಲೇ ಮಗನ ಕೈ ನಡುಗುತ್ತದೆ. ಅವರು ತಲೆಯ ಬಳಿ, ತಾಯಿಗೆ ಮುಖ ಕಾಣುವಂತೆ ನಡೆಯುತ್ತ, ಎಷ್ಟು ಮೆಟ್ಟಿಲು ಉಳಿದಿದೆ ಎಂದು ಹೇಳುತ್ತಿರಲಿ. ಇನ್ನೊಬ್ಬರು ಕೆಳಗಿನ ಹೆಲ್ಪರ್‌ನ ಬೆನ್ನಿಗೆ ಕೈಯಾನಿಸಿ, ಹಿಂದೆ ನೋಡದೆ ಇಳಿಯುವ ಅವನಿಗೆ ದಾರಿ ಹೇಳಲಿ. ಮಳೆಗಾಲವಾದ್ದರಿಂದ ಕೊಡೆಗಳಿಂದ ತೊಟ್ಟಿಕ್ಕಿದ ನೀರು ಮೆಟ್ಟಿಲ ಮೇಲಿರುತ್ತದೆ. ಗಾಡಿ ಬರುವ ಮುಂಚೆ ಮೂರೂ ಮಹಡಿಯ ಮೆಟ್ಟಿಲನ್ನು ಒಣಬಟ್ಟೆಯಿಂದ ಒರೆಸಿಸಿ, ಕಾಲೊರೆಸುಗಳನ್ನು ತೆಗೆಸಿ. ಯೂರಿನ್ ಬ್ಯಾಗನ್ನು ಹೊರಡುವ ಮುಂಚೆ ಖಾಲಿ ಮಾಡಿ. ಅದನ್ನು ಹೊಟ್ಟೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿಯುತ್ತದೆ, ನೇತಾಡಲು ಬಿಟ್ಟರೆ ಯಾರದಾದರೂ ಮೊಣಕಾಲಿಗೆ ಸಿಕ್ಕಿ ಎಳೆಯುತ್ತದೆ. ಮೂತ್ರಕೋಶಕ್ಕಿಂತ ಕೆಳಗಿರುವಂತೆ ಸ್ಟ್ರೆಚರಿನ ಅಂಚಿಗೆ ಸಿಕ್ಕಿಸಿ, ನಳಿಕೆ ಸ್ವಲ್ಪ ಸಡಿಲವಾಗಿರಲಿ.

ದಿನ ಮತ್ತು ವೇಳೆಯ ವಿಷಯದಲ್ಲಿ ಜುಲೈ ತಿಂಗಳ ಮುಂಬಯಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಿಮ್ಮ ದಾರಿ ಶಿಳ್‌ಫಾಟಾ, ಠಾಣೆ, ಪೂರ್ವ ದ್ರುತಗತಿ ಹೆದ್ದಾರಿ (ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ), ಸಾಯನ್ ಮೂಲಕ ಸಾಗುತ್ತದೆ. ಜೋರು ಮಳೆಯಲ್ಲಿ ಕಿಂಗ್ಸ್ ಸರ್ಕಲ್ ಮತ್ತು ಹಿಂದ್‌ಮಾತಾ ಬಳಿ ನೀರು ನಿಲ್ಲುವುದು ನಿಮಗೆ ಗೊತ್ತೇ ಇದೆ. ಪಾಲಿಕೆಯು ಮಳೆಗಾಲಕ್ಕೆ ಮುಂಚೆ 4.5 ಮೀಟರಿಗಿಂತ ಎತ್ತರದ ಉಬ್ಬರವಿರುವ ದಿನಗಳ ಪಟ್ಟಿಯನ್ನು ಹೊರಡಿಸುತ್ತದೆ. ಆ ದಿನಗಳನ್ನು ಬಿಟ್ಟು ಓಪಿಡಿಯ ಬೇರೊಂದು ದಿನವನ್ನು ಕೇಳಿ ಪಡೆಯಿರಿ. ಡ್ರೈವರ್‌ಗೆ ಎರಡು ಮಾತು ಮೊದಲೇ ಹೇಳಬೇಕು: ವೇಗ ಬೇಡ, ಸೈರನ್ ಬೇಡ. ಸೈರನ್ ಹಾಕಿ ನುಗ್ಗುವ ಗಾಡಿ ಪದೇ ಪದೇ ಬ್ರೇಕ್ ಹಾಕುತ್ತದೆ, ಬೆನ್ನಿಗೆ ಅದೇ ಶತ್ರು. ತುರ್ತಿಲ್ಲದ ಪ್ರಯಾಣಕ್ಕೆ ಅದನ್ನು ಬಳಸುವ ಹಕ್ಕೂ ನಮಗಿಲ್ಲ. ಮನೆಯಿಂದ ಎರಡು ದಿಂಬು, ಒಂದು ಹೆಚ್ಚಿನ ಚಾದರ, ಡಯಾಪರ್, ವಾಂತಿಗೆ ಚೀಲ, ನೀರು, ಬಾಗುವ ಸ್ಟ್ರಾ ಇಟ್ಟುಕೊಳ್ಳಿ. ಹೊರಡುವ ಮುಂಚೆ ಹೊಟ್ಟೆ ತುಂಬ ಊಟ ಬೇಡ, ಉಪವಾಸವೂ ಬೇಡ.

ಆಸ್ಪತ್ರೆಯಲ್ಲಿ ಸಮಯ ಹೋಗುವುದು ಸರದಿಯಲ್ಲಿ. ಮನೆಯವರೊಬ್ಬರು ಬೆಳಗಿನ ಲೋಕಲ್ ಹಿಡಿದು ಮುಂಚಿತವಾಗಿ ಪರೇಲ್ ತಲುಪಿ, ಕೇಸ್ ಪೇಪರ್ ಮಾಡಿಸಿ, ಎಕ್ಸ್‌ರೇ ಚೀಟಿ ಬರೆಸಿಕೊಂಡು, ‘ಸ್ಟ್ರೆಚರ್ ರೋಗಿ ಬರುತ್ತಿದ್ದಾರೆ’ ಎಂದು ಘಟಕಕ್ಕೆ ತಿಳಿಸಿಟ್ಟ ಮೇಲೆ ಮನೆಯಿಂದ ಗಾಡಿ ಹೊರಟರೆ ಎರಡು ಮೂರು ಗಂಟೆ ಉಳಿಯುತ್ತದೆ. ವಾರ್ಡಿನ ಮಾಮಾ, ಮಾವಶಿಯರಿಗೆ (ರೋಗಿಗಳನ್ನು ಎತ್ತಿಳಿಸುವ ಸಹಾಯಕರಿಗೆ) ಬೆನ್ನುಮೂಳೆ ಮುರಿದಿದೆ ಎಂದು ಬಾಯಿಬಿಟ್ಟು ಹೇಳಿ. ದಿನಕ್ಕೆ ಎಷ್ಟೋ ರೋಗಿಗಳನ್ನು ಎತ್ತಿಳಿಸುವ ಅವರು ಹೇಳದಿದ್ದರೆ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಿಬಿಡುವುದುಂಟು. ಹೆಲ್ಪರ್‌ಗಳು ಎಕ್ಸ್‌ರೇ ಮೇಜಿಗೆ ಬದಲಿಸುವವರೆಗೂ ಜೊತೆಯಲ್ಲಿರಬೇಕು ಎಂಬುದನ್ನು ಗಾಡಿ ಗೊತ್ತುಮಾಡುವಾಗಲೇ ಮಾತಾಡಿಕೊಳ್ಳಿ. ಆಸ್ಪತ್ರೆಯ ಟ್ರಾಲಿ ಕಿರಿದು, ಗಟ್ಟಿ. ಕಾಯುವುದು ಉದ್ದವಾದರೆ ಎರಡು ಗಂಟೆಗೊಮ್ಮೆ ದೇಹವನ್ನು ಒಂದೇ ತುಂಡಿನಂತೆ ಸ್ವಲ್ಪ ವಾಲಿಸಿ ಬೆನ್ನಿಗೆ ದಿಂಬು ಕೊಡಿ, ಹಿಮ್ಮಡಿ ಟ್ರಾಲಿಗೆ ತಾಗದಂತೆ ಕಣಕಾಲ ಕೆಳಗೆ ಮಡಿಸಿದ ಚಾದರ ಇಡಿ.

ಹಣದ ಮಾತು ಚಿಕ್ಕದು, ಆದರೆ ಬರಹದಲ್ಲಿರಲಿ. ಮಹಾರಾಷ್ಟ್ರದಲ್ಲಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳು ಗಾಡಿಯ ಬಗೆಗೆ ತಕ್ಕಂತೆ ಆ್ಯಂಬುಲೆನ್ಸ್ ದರ ನಿಗದಿಪಡಿಸುತ್ತವೆ. ದರಪಟ್ಟಿ ತೋರಿಸಿ ಎಂದು ಕೇಳಿ. ಹೆಲ್ಪರ್‌ಗಳ ಕೂಲಿ, ಮಹಡಿಯ ಲೆಕ್ಕ, ಕಾಯುವ ಗಂಟೆಯ ದರ, ಹಿಂದಿರುಗುವ ಪ್ರಯಾಣ, ಇವೆಲ್ಲ ಸೇರಿ ಎಷ್ಟು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಗಣೇಶೋತ್ಸವ ಮಂಡಳಗಳು, ಧರ್ಮಾರ್ಥ ಟ್ರಸ್ಟುಗಳು ಕಡಿಮೆ ದರದಲ್ಲಿ ಗಾಡಿ ಕೊಡುತ್ತವೆ. ಗಾಡಿ ಅವರದಾಗಿದ್ದು ಹೆಲ್ಪರ್‌ಗಳನ್ನು ಬೇರೆ ಕಡೆಯಿಂದ ತರಿಸಿಕೊಂಡರೂ ಲಾಭವೇ. ಮೆಡಿಕ್ಲೇಮ್ ಪಾಲಿಸಿಗಳು ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಪ್ರಯಾಣಕ್ಕೆ ಮಾತ್ರ ಆ್ಯಂಬುಲೆನ್ಸ್ ಖರ್ಚು ಕೊಡುತ್ತವೆ, ಓಪಿಡಿಗೆ ಹೋಗಿ ಬರುವುದಕ್ಕಲ್ಲ.

ಕುಮಟಾ ಪ್ರಯಾಣವನ್ನು ಜುಲೈ ತಪಾಸಣೆಯ ಜೊತೆಗೆ ಸೇರಿಸಬೇಡಿ. ಮೂಳೆ ಕೂಡಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಆಗ ಬೆಲ್ಟ್ ಹಾಕಿ ಸ್ವಲ್ಪ ಹೊತ್ತು ಕೂರಲು ಅನುಮತಿ ಸಿಕ್ಕರೆ ಪ್ರಯಾಣದ ಸ್ವರೂಪವೇ ಬದಲಾಗುತ್ತದೆ, ಕೊಂಕಣ ರೈಲಿನ ಕೆಳಗಿನ ಬರ್ತ್ ಸಾಕಾಗುತ್ತದೆ. ಸ್ಟ್ರೆಚರಿನಲ್ಲೇ ಇರುವವರಿಗೆ ರೈಲು ಕಷ್ಟ: ಬಾಗಿಲಿನಿಂದ ಒಳದಾರಿಗೆ ಸ್ಟ್ರೆಚರ್ ತಿರುಗುವುದಿಲ್ಲ, ಚಿಕ್ಕ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದೂ ಒಂದೆರಡು ನಿಮಿಷ ಮಾತ್ರ. ಮಲಗಿಸಿಕೊಂಡೇ ಹೋಗಬೇಕಾದರೆ ದೊಡ್ಡ ಗಾಡಿ, ಇಬ್ಬರು ಡ್ರೈವರ್‌ಗಳು, ಮಗ್ಗುಲು ಬದಲಿಸಬಲ್ಲ ಒಬ್ಬ ನರ್ಸ್ ಬೇಕು. ಕೊಂಕಣದ ಹೆದ್ದಾರಿ ಹತ್ತಿರದ್ದಾದರೂ ಕಾಮಗಾರಿ ಮತ್ತು ತಿರುವುಗಳಿಂದ ರೋಗಿಗೆ ಹಿಂಸೆ. ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಮೂಲಕ ಅಂಕೋಲಾಕ್ಕೆ ಇಳಿಯುವ ದಾರಿ ಸುತ್ತಾದರೂ ಅರಬೈಲ್ ಘಟ್ಟದವರೆಗೆ ಬಹುಪಾಲು ಅಗಲವಾದ ರಸ್ತೆಯೇ ಸಿಗುತ್ತದೆ, ನಡುವೆ ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಬಹುದು. ಕರಾವಳಿಯ ಎಷ್ಟೋ ಮನೆಗಳಿಗೆ ಗಾಡಿಯ ರಸ್ತೆ ಅಂಗಳದವರೆಗೆ ಇರುವುದಿಲ್ಲ. ರಸ್ತೆಯಿಂದ ಮನೆಯವರೆಗೆ ತೋಟದ ಕಾಲುದಾರಿ, ಅದರ ನಡುವೆ ಅಡಿಕೆ ಮರದ ಸಂಕ (ಕಾಲುಸೇತುವೆ). ಊರಿನವರಿಗೆ ಹೇಳಿ, ಆ ದಾರಿಯ ವಿಡಿಯೋ ತರಿಸಿಕೊಂಡು ನೋಡಿದ ಮೇಲೆಯೇ ದಿನ ಗೊತ್ತುಮಾಡಿ.